ಪೆಟ್ರೋಲೋ ಡೀಸೆಲ್ಲೋ? ಮನೆಗೆ ಕಾರು ತರುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳು ನನಗೆ ಮದುವೆ ಊಟದ ಪಂಕ್ತಿಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ಕಳೆದು ಕೂತಿದ್ದಾಗಲೂ ಬಂದಿವೆ. ನಾನು ಮೆಕ್ಯಾನಿಕ್ ಅಲ್ಲ. ಮನೆಗೆ ಇಲ್ಲಿವರೆಗೆ ಮೂರು ಕಾರು ತಂದಿದ್ದೇನೆ. ಒಂದು ಪೆಟ್ರೋಲ್, ಎರಡು ಡೀಸೆಲ್. ಮೂರರಲ್ಲಿ ಒಂದನ್ನು ತಪ್ಪಾಗಿ ಆರಿಸಿದ್ದೆ, ಯಾವುದು ಅಂತ ಕೆಳಗೆ ಗೊತ್ತಾಗುತ್ತೆ. ಲೆಕ್ಕಕ್ಕೆ ಬೆಂಗಳೂರಿನ ದರ ಹಿಡಿದಿದ್ದೇನೆ: ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಡೀಸೆಲ್ 91. ನಿಮ್ಮೂರಿನ ಬಂಕಿನ ದರ ಹಾಕಿ ನೀವೇ ತಿದ್ದಿಕೊಳ್ಳಿ.

ಸುತ್ತಿ ಬಳಸಿ ಬೇಡ, ಒಂದೇ ಮಾತಲ್ಲಿ ಹೇಳಿ. ಯಾವುದು ತಗೊಳ್ಳಲಿ?

ಹಾಗಾದರೆ ನನ್ನದೂ ಒಂದೇ ಪ್ರಶ್ನೆ. ಬೆಳಗ್ಗೆ ಕಾರು ಸ್ಟಾರ್ಟ್ ಮಾಡಿದರೆ ಮತ್ತೆ ಆಫ್ ಮಾಡುವ ಹೊತ್ತಿಗೆ ಎಷ್ಟು ದೂರ ಹೋಗಿರುತ್ತೀರಿ? ಎರಡು ಮೂರು ಕಿಲೋಮೀಟರ್ ಅಂದರೆ ಪೆಟ್ರೋಲ್, ಮುಂದಿನದನ್ನು ಓದುವುದೂ ಬೇಡ. ಮೂವತ್ತು ನಲವತ್ತು ಕಿಲೋಮೀಟರ್, ಅದೂ ಸಲೀಸಾದ ರಸ್ತೆಯಲ್ಲಿ ಅಂದರೆ ಡೀಸೆಲ್ ಬಗ್ಗೆ ಯೋಚಿಸಬಹುದು. ತಿಂಗಳಿಗೆ ಎಷ್ಟು ಓಡುತ್ತೆ ಅನ್ನುವುದನ್ನು ಎಲ್ಲರೂ ಕೇಳುತ್ತಾರೆ. ಒಂದೊಂದು ಸಲಕ್ಕೆ ಎಷ್ಟು ಓಡುತ್ತೆ ಅನ್ನುವುದನ್ನು ಯಾರೂ ಕೇಳುವುದಿಲ್ಲ. ಬಿಎಸ್6 ಅನ್ನುವ ಹೊಸ ಹೊಗೆ ನಿಯಮದ ಕಾಲದಲ್ಲಿ ಎರಡನೆಯದೇ ಮುಖ್ಯ.

ನನ್ನನ್ನು ಕೇಳಿದವರಲ್ಲಿ ಹೆಚ್ಚಿನವರಿಗೆ ಪೆಟ್ರೋಲ್ ಅಂತಲೇ ಹೇಳಿದ್ದೇನೆ. ನನ್ನ ಗೇಟಿನೊಳಗೆ ನಿಂತಿರೋದು ಮಾತ್ರ ಡೀಸೆಲ್. ನಗಬೇಡಿ, ಕಥೆ ಮುಂದಿದೆ.

ದಿನಕ್ಕೆ 50 ಕಿಲೋಮೀಟರ್ ದಾಟಿದರೆ ಡೀಸೆಲ್ಲೇ ಲಾಭ ಅಂತ ನಮ್ಮ ಮಾವ ಹೇಳುತ್ತಾರಲ್ಲ?

ನಿಮ್ಮ ಮಾವ ತಪ್ಪು ಹೇಳುತ್ತಿಲ್ಲ, ಹಳೇದು ಹೇಳುತ್ತಿದ್ದಾರೆ ಅಷ್ಟೆ. ಪೆಟ್ರೋಲ್ ದರದ ಮೇಲಿನ ಸರ್ಕಾರದ ಹಿಡಿತ 2010ರ ಜೂನ್‌ನಲ್ಲೇ ಹೋಯಿತು. ಡೀಸೆಲ್‌ಗೆ ಅದು 2014ರ ಅಕ್ಟೋಬರ್‌ವರೆಗೂ ಇತ್ತು. ನಡುವಿನ ಆ ನಾಲ್ಕು ವರ್ಷ ಡೀಸೆಲ್ ಕಾರಿನವರಿಗೆ ಹಬ್ಬ. 2012ರಲ್ಲಿ ಎರಡರ ನಡುವೆ ಲೀಟರಿಗೆ 30 ರೂಪಾಯಿ ಹತ್ತಿರ ಅಂತರ ಇತ್ತು. ಆಗ ಡೀಸೆಲ್ ಕಾರು ಬುಕ್ ಮಾಡಿ ತಿಂಗಳುಗಟ್ಟಲೆ ಕಾದವರಲ್ಲಿ ನಾನೂ ಒಬ್ಬ.

ಈಗ ಆ ಅಂತರ ಬೆಂಗಳೂರಿನಲ್ಲಿ ಸುಮಾರು 12 ರೂಪಾಯಿ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿದಾಗ ಇದ್ದದ್ದರಲ್ಲೂ ಎರಡು ರೂಪಾಯಿ ಕರಗಿತು. ಅಗ್ಗದ ಎಣ್ಣೆ ಅನ್ನುವ ಕಾರಣ ಹೆಚ್ಚುಕಡಿಮೆ ಮುಗಿದಂತೆ. ಉಳಿದಿರೋದು ಮೈಲೇಜ್.

ಹಾಗಾದರೆ ಲೆಕ್ಕ ಹಾಕಿ ತೋರಿಸಿ. ಎಷ್ಟು ವರ್ಷಕ್ಕೆ ಅಸಲು ಬರುತ್ತೆ?

ಒಂದೇ ಕಾರಿನ ಎರಡು ಎಂಜಿನ್ ತಗೊಳ್ಳೋಣ. ಹ್ಯುಂಡೈ ಕ್ರೆಟಾದಲ್ಲಿ 1.5 ಲೀಟರಿನ ಪೆಟ್ರೋಲೂ ಇದೆ, 1.5 ಲೀಟರಿನ ಡೀಸೆಲ್ಲೂ ಇದೆ. ಎಕ್ಸ್‌ಶೋರೂಮ್ ಬೆಲೆಯಲ್ಲೇ ಸುಮಾರು ಒಂದೂವರೆ ಲಕ್ಷ ವ್ಯತ್ಯಾಸ. ಅದರ ಮೇಲೆ ನಮ್ಮ ರಾಜ್ಯದ ಜೀವಾವಧಿ ತೆರಿಗೆ, ಇನ್ಶೂರೆನ್ಸ್ ಎಲ್ಲ ಸೇರಿಸಿ 1.80 ಲಕ್ಷ ಅಂತ ಇಟ್ಟುಕೊಳ್ಳಿ.

ಊರು, ಹೈವೇ ಎರಡೂ ಸೇರಿ ಪೆಟ್ರೋಲ್ ಕಾರು ಲೀಟರಿಗೆ ಹನ್ನೆರಡೂವರೆ ಕೊಡುತ್ತೆ, ಡೀಸೆಲ್ 17 ಕೊಡುತ್ತೆ ಅನ್ನೋಣ. ಪೆಟ್ರೋಲಿಗೆ ಕಿಲೋಮೀಟರಿಗೆ 8 ರೂಪಾಯಿ 24 ಪೈಸೆ. ಡೀಸೆಲ್‌ಗೆ 5 ರೂಪಾಯಿ 35 ಪೈಸೆ. ಅಂದರೆ ಪ್ರತಿ ಕಿಲೋಮೀಟರಿಗೆ 2 ರೂಪಾಯಿ 90 ಪೈಸೆಯಷ್ಟು ಉಳಿತಾಯ. ಇದರಲ್ಲಿ ವರ್ಷಕ್ಕೆ ಮೂರು ಸಾವಿರ ಸರ್ವಿಸ್‌ಗೆ ಜಾಸ್ತಿ ಹೋಗುತ್ತೆ ಅಂತ ಕಳೆಯಿರಿ.

ವರ್ಷಕ್ಕೆ 10,000 ಕಿ.ಮೀ. ಓಡಿಸಿದರೆ ಕೈಗೆ ಉಳಿಯೋದು 26 ಸಾವಿರ. 1.80 ಲಕ್ಷ ವಾಪಸ್ ಬರೋಕೆ ಏಳು ವರ್ಷ. 20,000 ಓಡಿಸಿದರೆ ಮೂರು ವರ್ಷ ಚಿಲ್ಲರೆಗೆ ಬಂದುಬಿಡುತ್ತೆ. ನಡುವಿನ 15,000ದವರಿಗೆ ನಾಲ್ಕೂವರೆ ವರ್ಷ ಬೇಕು. ಇವರೇ ನೋಡಿ ನಿಜವಾದ ಗೊಂದಲದಲ್ಲಿ ಇರೋರು, ಇವರೇ ನನಗೆ ರಾತ್ರಿ ಹತ್ತಕ್ಕೆ ಫೋನ್ ಮಾಡೋರು.

ಸಾಲ ಮಾಡಿ ತಗೊಳ್ಳುವವರು ಇನ್ನೊಂದು ಮರೆಯುತ್ತಾರೆ. ಆ 1.80 ಲಕ್ಷಕ್ಕೂ ಬಡ್ಡಿ ಇದೆ. ಶೇಕಡಾ 9ರಂತೆ ಮೊದಲ ವರ್ಷವೇ ಹದಿನೈದು ಸಾವಿರದಷ್ಟು. ವರ್ಷಕ್ಕೆ 26 ಸಾವಿರ ಉಳಿಸುವವನು ಅದರಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಬ್ಯಾಂಕಿಗೆ ಕೊಟ್ಟು ಬರುತ್ತಾನೆ.

ನಾನು ವರ್ಷಕ್ಕೆ ಎಷ್ಟು ಓಡಿಸ್ತೀನೋ ನನಗೇ ಗೊತ್ತಿಲ್ಲ.

ಯಾರಿಗೂ ಗೊತ್ತಿರಲ್ಲ. ಎಲ್ಲರೂ ಜಾಸ್ತಿ ಹೇಳುತ್ತಾರೆ. ಈಗಿರುವ ಕಾರಿನ ಓಡೋಮೀಟರ್ ನೋಡಿ, ವರ್ಷದಿಂದ ಭಾಗಿಸಿ. ನಮ್ಮ ಮೊದಲ ಪೆಟ್ರೋಲ್ ಕಾರು ಆರು ವರ್ಷದಲ್ಲಿ 41,000 ಓಡಿತ್ತು. ನಾನು ಎಲ್ಲರ ಮುಂದೆ "ವರ್ಷಕ್ಕೆ ಹದಿನೈದು ಸಾವಿರ ಗ್ಯಾರಂಟಿ" ಅಂತ ಹೇಳಿಕೊಂಡು ತಿರುಗುತ್ತಿದ್ದೆ. ವರ್ಷಕ್ಕೆ ಏಳು ಸಾವಿರವೂ ಇರಲಿಲ್ಲ. ಊರಿಗೆ ಹೋಗಿಬಂದದ್ದು ಮಾತ್ರ ನೆನಪಿರುತ್ತೆ. ಭಾನುವಾರ ಬಿಟ್ಟರೆ ಗೇಟಿನೊಳಗೇ ನಿಂತಿದ್ದು ನೆನಪಿರಲ್ಲ.

ಶೋರೂಮಿನವರು 21.8 ಮೈಲೇಜ್ ಅಂದರು. ನೀವು ನೋಡಿದರೆ 17 ಅಂತೀರಿ?

21.8 ಅನ್ನೋದು ಕ್ರೆಟಾ ಡೀಸೆಲ್ ಮ್ಯಾನ್ಯುವಲ್‌ನ ಅಧಿಕೃತ ಅಂಕಿ. ಪೆಟ್ರೋಲ್ ಮ್ಯಾನ್ಯುವಲ್‌ಗೆ ಅದು 17.4. ಎರಡೂ ಸುಳ್ಳಲ್ಲ. ಆದರೆ ಅದು ಲ್ಯಾಬಿನಲ್ಲಿ ರೋಲರ್ ಮೇಲೆ ನಿಲ್ಲಿಸಿ, ನಿಗದಿ ಮಾಡಿದ ವೇಗದಲ್ಲಿ ಓಡಿಸಿ ತೆಗೆದದ್ದು. ಅಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ ಇಲ್ಲ, ಹಂಪ್ ಇಲ್ಲ, ಹಿಂದಿನ ಸೀಟಿನಲ್ಲಿ "ಎಸಿ ಜಾಸ್ತಿ ಮಾಡು" ಅನ್ನುವ ಅತ್ತೆಯೂ ಇಲ್ಲ.

ಟ್ರಾಫಿಕ್‌ನಲ್ಲಿ ಪೆಟ್ರೋಲ್ ಕಾರಿನ ಮೈಲೇಜ್ ಡೀಸೆಲ್‌ಗಿಂತ ಜಾಸ್ತಿ ಕುಸಿಯುತ್ತೆ. ಟರ್ಬೊ ಪೆಟ್ರೋಲ್ (ಗಾಳಿಯನ್ನು ಒತ್ತಿ ತುಂಬಿಸಿಕೊಳ್ಳುವ ಎಂಜಿನ್) ಆದರಂತೂ ಬಲಗಾಲು ಹೇಳಿದಂತೆ ಕೇಳುತ್ತೆ. ಮೆಲ್ಲಗೆ ಒತ್ತಿದರೆ 16, ಆಸೆ ಪಟ್ಟು ಒತ್ತಿದರೆ ಒಂಬತ್ತು. ಸರಿಯಾಗಿ ಅಳೆಯಬೇಕು ಅಂದರೆ ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಮುನ್ನೂರು ನಾನೂರು ಕಿಲೋಮೀಟರ್ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ ಭಾಗಿಸಿ. ಡ್ಯಾಶ್‌ಬೋರ್ಡಿನಲ್ಲಿ ಬರುವ ಅಂಕಿ ಸಾಮಾನ್ಯವಾಗಿ ಸ್ವಲ್ಪ ಮುಖಸ್ತುತಿ ಮಾಡುತ್ತೆ.

ಅಷ್ಟಕ್ಕೂ ಡೀಸೆಲ್‌ಗೆ ಮೈಲೇಜ್ ಜಾಸ್ತಿ ಯಾಕೆ?

ಮೂರು ಕಾರಣ. ಒಂದು ಲೀಟರ್ ಡೀಸೆಲ್‌ನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಶಕ್ತಿ ಶೇಕಡಾ ಹತ್ತಕ್ಕೂ ಜಾಸ್ತಿ. ಎರಡನೆಯದು, ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರಲ್ಲ. ಗಾಳಿಯನ್ನು ಹದಿನೈದು ಹದಿನಾರು ಪಟ್ಟು ಒತ್ತಿ, ಅದು ಕೆಂಡದಂತೆ ಬಿಸಿಯಾದಾಗ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತೆ. ಸಾಮಾನ್ಯ ಪೆಟ್ರೋಲ್ ಎಂಜಿನ್ ಹತ್ತು ಹನ್ನೊಂದು ಪಟ್ಟಷ್ಟೇ ಒತ್ತುತ್ತೆ. ಜಾಸ್ತಿ ಒತ್ತಿದಷ್ಟೂ ಅದೇ ಹನಿಯಿಂದ ಜಾಸ್ತಿ ಕೆಲಸ. ಮೂರನೆಯದು, ಪೆಟ್ರೋಲ್ ಎಂಜಿನ್ ನಿಧಾನ ಹೋಗುವಾಗ ಥ್ರಾಟಲ್, ಅಂದರೆ ಗಾಳಿ ಒಳಗೆ ಬರುವ ಬಾಗಿಲು, ಅರ್ಧ ಮುಚ್ಚಿ ಕಷ್ಟಪಟ್ಟು ಉಸಿರಾಡುತ್ತೆ. ಡೀಸೆಲ್‌ಗೆ ಆ ಕಾಟ ಇಲ್ಲ. ಅದಕ್ಕೇ ಟ್ರಾಫಿಕ್‌ನಲ್ಲೂ ಅದರ ಮೈಲೇಜ್ ಅಷ್ಟು ಬೀಳುವುದಿಲ್ಲ.

ಇಷ್ಟು ಒತ್ತಡ ತಡೆಯೋಕೆ ಎಂಜಿನ್ ಗಟ್ಟಿ ಇರಬೇಕು, ಭಾರ ಇರಬೇಕು. ಬೆಲೆ ಏರೋದು ಅಲ್ಲಿಂದ. ಗಡಗಡ ಸದ್ದೂ ಅಲ್ಲಿಂದಲೇ.

ನಮ್ಮೂರು ಮಲೆನಾಡು. ಘಾಟಿ ಹತ್ತೋಕೆ ಡೀಸೆಲ್ಲೇ ಬೇಕಾ?

ಬೇಕೇ ಬೇಕು ಅಂತಿಲ್ಲ. ಆದರೆ ಒಮ್ಮೆ ಅದರಲ್ಲಿ ಹತ್ತಿದವರಿಗೆ ಬೇರೆಯದು ರುಚಿಸುವುದಿಲ್ಲ. ಅಂಕಿ ನೋಡಿ: ಅದೇ ಕ್ರೆಟಾದ ಎರಡು ಎಂಜಿನ್‌ಗೂ ಪವರ್ ಹತ್ತಿರ ಹತ್ತಿರ ಒಂದೇ, 115 ಮತ್ತು 116 ಪಿಎಸ್. ಟಾರ್ಕ್ ಮಾತ್ರ ಪೆಟ್ರೋಲಿಗೆ 144 ನ್ಯೂಟನ್ ಮೀಟರ್, ಡೀಸೆಲ್‌ಗೆ 250. ಟಾರ್ಕ್ ಅಂದರೆ ಎಳೆತ. ಅದೂ ಡೀಸೆಲ್‌ನಲ್ಲಿ ಎಂಜಿನ್ ಇನ್ನೂ ಕೂಗಾಡುವ ಮುಂಚೆಯೇ, 1,500 ಆರ್‌ಪಿಎಂ ಆಸುಪಾಸಿನಲ್ಲೇ ಸಿಕ್ಕಿಬಿಡುತ್ತೆ.

ಚಾರ್ಮಾಡಿಯಲ್ಲಿ ಒಂದು ತಿರುವು ನೆನಪಿಸಿಕೊಳ್ಳಿ. ಮಳೆಗಾಲ, ಮುಂದೆ ತುಂಬಿದ ಟೆಂಪೊ, ಕಾರಿನಲ್ಲಿ ಐದು ಜನ, ಡಿಕ್ಕಿಯಲ್ಲಿ ಎರಡು ಮೂಟೆ ತೆಂಗಿನಕಾಯಿ. ತಿರುವಿನಲ್ಲಿ ಟೆಂಪೊ ನಿಂತೇಬಿಟ್ಟಿತು. ನೀವೂ ನಿಂತಿರಿ. ಈಗ ಏರಿನಲ್ಲೇ ಮತ್ತೆ ಹೊರಡಬೇಕು. ಚಿಕ್ಕ ಪೆಟ್ರೋಲ್ ಎಂಜಿನ್ ಆದರೆ ಆಕ್ಸಿಲರೇಟರ್ ಒತ್ತಿ, ಹಾಫ್ ಕ್ಲಚ್‌ನಲ್ಲಿ ಹಿಡಿದು, ಕ್ಲಚ್ ಸುಟ್ಟ ವಾಸನೆ ಮೂಗಿಗೆ ಬಡಿದು, ಹಿಂದಿನವನು ಹಾರ್ನ್ ಹೊಡೆದು, ಅಂತೂ ಹೊರಡುತ್ತೆ. ಡೀಸೆಲ್ ಆದರೆ ಕ್ಲಚ್ ಬಿಟ್ಟಂತೆ ಎಮ್ಮೆಯ ಹಾಗೆ ಸುಮ್ನೆ ಎಳೆದುಕೊಂಡು ಹೋಗುತ್ತೆ. ಆ ಎಮ್ಮೆಗುಣ ನನಗೆ ಇಷ್ಟ.

ಆದರೆ ವರ್ಷಕ್ಕೆ ಎರಡು ಸಲ ಘಾಟಿ ಹತ್ತುವವರು ಅದಕ್ಕೋಸ್ಕರ 1.80 ಲಕ್ಷ ಕೊಡಬೇಕಾ? ಗೇರ್ ಇಳಿಸಿ ಹತ್ತಿದರೆ ಪೆಟ್ರೋಲ್ ಕಾರೂ ಆಗುಂಬೆಯ ಹದಿನಾಲ್ಕೂ ತಿರುವು ಹತ್ತುತ್ತೆ. ಟರ್ಬೊ ಪೆಟ್ರೋಲಿನ ಎಳೆತವಂತೂ ಡೀಸೆಲ್‌ಗೆ ಸರಿಸಮ. ಸಾಗರದಲ್ಲಿರುವ ನಮ್ಮ ಭಾವನಿಗೆ ತೋಟಕ್ಕೆ, ಮಂಡಿಗೆ, ಶಿವಮೊಗ್ಗಕ್ಕೆ ಅಂತ ದಿನಾ ಓಡಾಟ. ಅವನಿಗೆ ಡೀಸೆಲ್ ಸರಿ. ನನಗೆ?

ಡಿಪಿಎಫ್ ಅಂದರೇನು? ಅದರ ಹೆಸರು ಕೇಳಿದರೆ ಎಲ್ಲರೂ ಹೆದರಿಸುತ್ತಾರೆ.

ಈಗ ನನ್ನ ತಪ್ಪಿನ ಕಥೆ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್6 ಬಂತು. ಡೀಸೆಲ್ ಕಾರಿನ ಹೊಗೆಯಲ್ಲಿ ಮಸಿ ಹೊರಗೆ ಹೋಗಬಾರದು ಅಂತ ಸೈಲೆನ್ಸರ್ ದಾರಿಯಲ್ಲಿ ಒಂದು ಜಾಲರಿ ಡಬ್ಬ ಬಂತು. ಅದೇ ಡಿಪಿಎಫ್. ಮಸಿ ಅದರೊಳಗೆ ಕಟ್ಟಿಕೊಳ್ಳುತ್ತೆ. ತುಂಬುತ್ತಾ ಬಂದಾಗ ಎಂಜಿನ್ ತಾನೇ ಸ್ವಲ್ಪ ಜಾಸ್ತಿ ಡೀಸೆಲ್ ಬಿಟ್ಟು, ಹೊಗೆಯ ಬಿಸಿಯನ್ನು 600 ಡಿಗ್ರಿ ಆಸುಪಾಸಿಗೆ ಏರಿಸಿ, ಆ ಮಸಿಯನ್ನು ಸುಟ್ಟು ಬೂದಿ ಮಾಡುತ್ತೆ. ಒಲೆ ಕೊಳವೆ ಕೆರೆದು ಚೊಕ್ಕಟ ಮಾಡಿದ ಹಾಗೆ. ಇದಕ್ಕೆ ಹದಿನೈದು ಇಪ್ಪತ್ತು ನಿಮಿಷ ನಿಲ್ಲದ ಓಟ ಬೇಕು.

ನಾನು 2021ರಲ್ಲಿ ಬಿಎಸ್6 ಡೀಸೆಲ್ ತಂದೆ. ಹಳೇ ಡೀಸೆಲ್ ಮೇಲಿನ ಪ್ರೀತಿ, ಮತ್ತೇನಿಲ್ಲ. ಆಫೀಸಿಗೆ ಮೆಟ್ರೊ. ಕಾರಿಗಿದ್ದ ಕೆಲಸ ಮಗಳ ಸ್ಕೂಲು, ಎರಡೂವರೆ ಕಿಲೋಮೀಟರ್, ಹೋಗಿ ಬಂದು. ಎಂಜಿನ್ ಬಿಸಿಯೇ ಆಗುತ್ತಿರಲಿಲ್ಲ. ನಾಲ್ಕನೇ ತಿಂಗಳಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಡಬ್ಬದೊಳಗೆ ಚುಕ್ಕೆ ಚುಕ್ಕೆ ಇರುವ ಚಿತ್ರ. ಸರ್ವಿಸ್‌ನವರಿಗೆ ಫೋನ್ ಮಾಡಿದರೆ "ಸರ್, ಹೈವೇಲಿ ಒಂದು ರೌಂಡ್ ಹೊಡ್ಕೊಂಡ್ ಬನ್ನಿ" ಅಂದರು. ಇಷ್ಟು ದುಡ್ಡು ಕೊಟ್ಟು ತಂದ ಕಾರಿಗೆ ವಾಕಿಂಗ್ ಮಾಡಿಸಬೇಕಾ ಅಂತ ನನ್ನ ಹೆಂಡತಿ ಕೇಳಿದಳು.

ಭಾನುವಾರ ಬೆಳಗ್ಗೆ ಆರಕ್ಕೆ ಮೂವರೂ ತುಮಕೂರು ರಸ್ತೆ ಹಿಡಿದೆವು. ನೆಲಮಂಗಲ ದಾಟಿದ ಮೇಲೆ ಒಂದು ಗೇರ್ ಕಡಿಮೆ ಇಟ್ಟು, 2,000 ಆರ್‌ಪಿಎಂ ಮೇಲೆ, ಎಂಬತ್ತರ ವೇಗದಲ್ಲಿ ಓಡಿಸಿದೆ. ದಾಬಸ್‌ಪೇಟೆ ಹತ್ತಿರ ಮಗಳು "ಅಪ್ಪಾ, ದೀಪ ಹೋಯ್ತು" ಅಂದಳು. ಅಷ್ಟು ದೂರ ಹೋದ ಮೇಲೆ ಸುಮ್ನೆ ವಾಪಸ್ ಬರೋದುಂಟಾ? ಕ್ಯಾತಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು ಬಂದೆವು. ಈಗ ನಮ್ಮ ಮನೆಯಲ್ಲಿ ಡಿಪಿಎಫ್ ಅಂದರೆ ತಟ್ಟೆ ಇಡ್ಲಿ ಅಂತಲೇ ಅರ್ಥ. ಒಂದೂವರೆ ಎರಡು ತಿಂಗಳಿಗೊಮ್ಮೆ ಹೋಗುತ್ತೇವೆ. ಮೈಲೇಜ್‌ನಲ್ಲಿ ಉಳಿಸಿದ್ದು ಹೀಗೆ ಬೆಣ್ಣೆ, ಚಟ್ನಿಗೆ ಹೋಗುತ್ತೆ.

ತಮಾಷೆ ಬದಿಗಿಡಿ. ದೀಪ ಬಂದರೂ ಲೆಕ್ಕಿಸದೆ ಓಡಿಸಿದರೆ ಎಂಜಿನ್ ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳುತ್ತೆ. ಆಗ ವರ್ಕ್‌ಶಾಪಿನಲ್ಲೇ ಯಂತ್ರ ಜೋಡಿಸಿ ಸುಡಬೇಕು. ಅದೂ ಆಗದಿದ್ದರೆ ಡಬ್ಬ ಬದಲಿಸಬೇಕು, ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತೆ. ಇನ್ನೊಂದು ವಿಷಯ ಗಮನದಲ್ಲಿರಲಿ. ಮಸಿ ಸುಡುವ ಕೆಲಸ ಅರ್ಧದಲ್ಲಿರುವಾಗಲೇ ಪದೇ ಪದೇ ಎಂಜಿನ್ ಆಫ್ ಮಾಡಿದರೆ ಸುಡದ ಡೀಸೆಲ್ ಕೆಳಗಿಳಿದು ಎಂಜಿನ್ ಆಯಿಲ್‌ಗೆ ಸೇರುತ್ತೆ. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಮಟ್ಟ ಏರಿದ್ದರೆ ಖುಷಿಪಡಬೇಡಿ. ಆಯಿಲ್ ತೆಳುವಾಗಿದೆ ಅಂತ ಅರ್ಥ, ಬೇಗ ಬದಲಿಸಿ.

ಕೆಲವು ಡೀಸೆಲ್ ಕಾರಿಗೆ ಯೂರಿಯಾ ಹಾಕಬೇಕಂತೆ. ಗೊಬ್ಬರದ ಅಂಗಡೀದಾ?

ಅಯ್ಯೋ, ಬೇಡ. ಅದು ಶೇಕಡಾ 32.5 ಯೂರಿಯಾ ಇರುವ ಶುದ್ಧ ದ್ರಾವಣ. ಡಿಇಎಫ್ ಅಥವಾ ಆಡ್‌ಬ್ಲೂ ಅಂತ ಕ್ಯಾನ್‌ನಲ್ಲಿ ಸಿಗುತ್ತೆ. ಪ್ರತ್ಯೇಕ ಟ್ಯಾಂಕಿಗೆ ಹಾಕಬೇಕು, ಡೀಸೆಲ್ ಟ್ಯಾಂಕಿಗಲ್ಲ. ಪೂರ್ತಿ ಖಾಲಿಯಾದರೆ ಕಾರು ಮತ್ತೆ ಸ್ಟಾರ್ಟ್ ಆಗಲ್ಲ. ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡೋಕೆ ಇದು. ಎಲ್ಲ ಡೀಸೆಲ್ ಕಾರಿಗೂ ಬೇಕಾಗಲ್ಲ, ಬುಕ್ ಮಾಡುವ ಮುಂಚೆ ಕೇಳಿ.

ಪೆಟ್ರೋಲಿಗೆ ಎಥೆನಾಲ್ ಬೆರೆಸುತ್ತಾರಲ್ಲ, ಅದಕ್ಕೆ ಹೆದರಿ ಡೀಸೆಲ್ ತಗೊಳ್ಳಲಾ?

ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಇ20, ಅಂದರೆ ನೂರರಲ್ಲಿ ಇಪ್ಪತ್ತು ಪಾಲು ಎಥೆನಾಲ್. ಎಥೆನಾಲ್‌ನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಬಿದ್ದೇ ಬೀಳುತ್ತೆ, "ಏನೂ ಆಗಲ್ಲ" ಅನ್ನೋರ ಮಾತು ನಂಬಬೇಡಿ. ಹೊಸ ಕಾರುಗಳ ಪೈಪು, ರಬ್ಬರು ಎಲ್ಲ ಇ20ಗೆ ಹೊಂದುವಂತೆಯೇ ಬರುತ್ತಿವೆ, ಹಾಗಾಗಿ ಹಾಳಾಗುತ್ತೆ ಅನ್ನುವ ಭಯ ಬೇಡ. ಹತ್ತು ಹನ್ನೆರಡು ವರ್ಷದ ಹಳೇ ಪೆಟ್ರೋಲ್ ಕಾರು ಇದ್ದರೆ ಸರ್ವಿಸ್ ಮಾಡಿಸುವಾಗ ಫ್ಯೂಯಲ್ ಪೈಪು ಒಮ್ಮೆ ನೋಡಿಸಿ. ಇದೊಂದೇ ಕಾರಣಕ್ಕೆ ಡೀಸೆಲ್‌ಗೆ ಹಾರಿದರೆ ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ.

ಹತ್ತು ವರ್ಷಕ್ಕೆ ಡೀಸೆಲ್ ಕಾರು ಗುಜರಿಗೆ ಹಾಕಬೇಕಂತೆ?

ಅದು ದೆಹಲಿ ಮತ್ತು ಸುತ್ತಲಿನ ಪ್ರದೇಶದ ಕಥೆ. 2015ರಲ್ಲಿ ಹಸಿರು ನ್ಯಾಯಮಂಡಳಿ ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಬೇಡ ಅಂದಿತು, 2018ರಲ್ಲಿ ಸುಪ್ರೀಂ ಕೋರ್ಟ್ ಪೆಟ್ರೋಲಿಗೆ 15, ಡೀಸೆಲ್‌ಗೆ 10 ಅನ್ನುವುದನ್ನು ಎತ್ತಿಹಿಡಿಯಿತು. ಕರ್ನಾಟಕದಲ್ಲಿ ಎರಡಕ್ಕೂ ಆರ್‌ಸಿ 15 ವರ್ಷ. ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು.

ದೆಹಲಿಯ ಡೀಸೆಲ್ ಕಾರು ಅಗ್ಗಕ್ಕೆ ಸಿಗುತ್ತೆ ಅಂತ ತರುವವರೂ ಇದ್ದಾರೆ. ತಂದ ಮೇಲೆ ಇಲ್ಲಿ ಮತ್ತೆ ಜೀವಾವಧಿ ತೆರಿಗೆ ಕಟ್ಟಬೇಕು. ಅದನ್ನು ಸೇರಿಸಿ ನೋಡಿದರೆ ಅಗ್ಗ ಎಷ್ಟು ಉಳಿಯಿತು ಅಂತ ಗೊತ್ತಾಗುತ್ತೆ.

ಚಿಕ್ಕ ಕಾರಿನಲ್ಲಿ ಡೀಸೆಲ್ ಯಾಕೆ ಕಾಣೆಯಾಯಿತು?

ಬಿಎಸ್6ಗೆ ಬೇಕಾದ ಈ ಡಬ್ಬ, ಸೆನ್ಸರ್ ಎಲ್ಲ ಸೇರಿಸಿದರೆ ಆರೇಳು ಲಕ್ಷದ ಕಾರಿನ ಲೆಕ್ಕವೇ ತಪ್ಪಿಹೋಗುತ್ತೆ. ಮಾರುತಿ 2020ರಲ್ಲಿ ಡೀಸೆಲ್ ಪೂರ್ತಿ ಬಿಟ್ಟಿತು. ಫೋಕ್ಸ್‌ವ್ಯಾಗನ್, ಸ್ಕೋಡಾ, ರೆನೊ ಸಣ್ಣ ಡೀಸೆಲ್ ಕೈಬಿಟ್ಟವು, ಆಮೇಲೆ ಹೋಂಡಾ ಕೂಡ. ಹ್ಯಾಚ್‌ಬ್ಯಾಕ್‌ನಲ್ಲಿ ಟಾಟಾ ಆಲ್ಟ್ರೋಜ್ ಒಂದೇ ಹಟ ಹಿಡಿದು ಡೀಸೆಲ್ ಉಳಿಸಿಕೊಂಡಿತು.

ಒಂದು ಸಣ್ಣ ಅನುಕೂಲ ಇದೆ. 2025ರ ಸೆಪ್ಟೆಂಬರ್ 22ರಿಂದ ಬಂದ ಜಿಎಸ್‌ಟಿಯಲ್ಲಿ ನಾಲ್ಕು ಮೀಟರ್ ಒಳಗಿನ ಕಾರಿಗೆ ಪೆಟ್ರೋಲ್ ಎಂಜಿನ್ 1,200 ಸಿಸಿ, ಡೀಸೆಲ್ 1,500 ಸಿಸಿವರೆಗೆ ಇದ್ದರೆ ತೆರಿಗೆ ಶೇಕಡಾ 18. ಅದನ್ನು ಮೀರಿದರೆ 40. ಹಾಗಾಗಿ ನೆಕ್ಸಾನ್, ಸೋನೆಟ್, ವೆನ್ಯೂ ಥರದ ಗಾಡಿಗಳ ಒಂದೂವರೆ ಲೀಟರ್ ಡೀಸೆಲ್ 18ರ ಒಳಗೇ ಬರುತ್ತೆ.

ಸೆಕೆಂಡ್ ಹ್ಯಾಂಡ್ ಡೀಸೆಲ್ ತಗೋಬಹುದಾ?

ಹಳೇ ಬಿಎಸ್4 (ಬಿಎಸ್6ಗೆ ಮುಂಚಿನ ನಿಯಮದ್ದು) ಆದರೆ ಧೈರ್ಯವಾಗಿ ನೋಡಿ. ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ಟಾ, ಪುಂಟೊ ಎಲ್ಲದರಲ್ಲೂ ಇದ್ದದ್ದು ಫಿಯೆಟ್‌ನ ಒಂದೇ 1.3 ಎಂಜಿನ್. ಅದಕ್ಕೇ "ರಾಷ್ಟ್ರೀಯ ಎಂಜಿನ್" ಅಂತ ಹೆಸರು ಬಿದ್ದಿತ್ತು. ಯಾವ ತಾಲ್ಲೂಕಿನ ಗ್ಯಾರೇಜಿಗೆ ಹೋದರೂ ಅದರ ನಾಡಿ ಹಿಡಿಯುವವರು ಇದ್ದಾರೆ.

ನೋಡೋಕೆ ಹೋಗುವಾಗ ಮುಂಚೆ ಫೋನ್ ಮಾಡಿ "ಸ್ಟಾರ್ಟ್ ಮಾಡಬೇಡಿ, ನಾನು ಬಂದ ಮೇಲೆ ಮಾಡೋಣ" ಅನ್ನಿ. ತಣ್ಣಗಿರುವ ಎಂಜಿನ್ ಸುಳ್ಳು ಹೇಳಲ್ಲ. ಎಷ್ಟು ಸಲ ತಿರುಗಿದ ಮೇಲೆ ಹೊತ್ತಿತು, ಹೊಗೆ ಯಾವ ಬಣ್ಣ ಅಂತ ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಾನೆಟ್ ಮೇಲೆ ಕೈ ಇಟ್ಟಾಗ ಬೆಚ್ಚಗಿದ್ದರೆ ಆಗಲೇ ಒಮ್ಮೆ ಓಡಿಸಿ ಇಟ್ಟಿದ್ದಾರೆ ಅಂತ ಅರ್ಥ. ಬಿಎಸ್6 ಆದರೆ ಹಿಂದಿನವರು ಎಲ್ಲಿ ಓಡಿಸುತ್ತಿದ್ದರು ಅಂತ ಕೇಳಿ. "ಬರೀ ಸಿಟಿ ಸರ್, ಲೇಡೀಸ್ ಓಡಿಸಿದ್ದು, ತುಂಬಾ ಕಮ್ಮಿ ಓಡಿದೆ" ಅಂದರೆ ಪೆಟ್ರೋಲಿಗೆ ಅದು ಹೊಗಳಿಕೆ, ಡೀಸೆಲ್‌ಗೆ ಎಚ್ಚರಿಕೆ.

ಹೊಗೆ, ಪರಿಸರದ ಲೆಕ್ಕದಲ್ಲಿ ಯಾವುದು ಒಳ್ಳೇದು?

ಎರಡೂ ಒಳ್ಳೇದಲ್ಲ. ಕಡಿಮೆ ಕುಡಿಯುವುದರಿಂದ ಡೀಸೆಲ್ ಕಾರು ಕಿಲೋಮೀಟರಿಗೆ ಬಿಡುವ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಕಡಿಮೆ. ಆದರೆ ಉಸಿರಿಗೆ ಹೋಗುವ ಮಸಿ, ನೈಟ್ರೋಜನ್ ಆಕ್ಸೈಡ್ ವಿಷಯದಲ್ಲಿ ಅದೇ ಕುಖ್ಯಾತ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಡಿಪಿಎಫ್ ಮೇಲೆ ನನಗೆ ಎಷ್ಟೇ ಸಿಟ್ಟಿದ್ದರೂ ಅದು ಇರಬೇಕಾದ್ದೇ. ಅದನ್ನು ಕಿತ್ತು ಹಾಕಿಕೊಡುತ್ತೇವೆ ಅನ್ನುವ ಗ್ಯಾರೇಜುಗಳ ಕಡೆ ತಲೆ ಹಾಕಬೇಡಿ.

ಹೈಬ್ರಿಡ್?

ದುಡ್ಡಿದ್ದರೆ ಚೆನ್ನಾಗಿದೆ. ನಮ್ಮ ಬಿಡದಿಯಲ್ಲೇ ತಯಾರಾಗುವ ಇನ್ನೋವಾವನ್ನೇ ನೋಡಿ. ಕ್ರಿಸ್ಟಾ ಡೀಸೆಲ್, ಹೈಕ್ರಾಸ್ ಪೆಟ್ರೋಲ್ ಹೈಬ್ರಿಡ್. ಟ್ರಾಫಿಕ್‌ನಲ್ಲಿ ಹೈಬ್ರಿಡ್ ಬ್ಯಾಟರಿಯಲ್ಲೇ ಸದ್ದಿಲ್ಲದೆ ಸರಿಯುತ್ತೆ, ಡೀಸೆಲ್ ಎಲ್ಲಿ ಕಷ್ಟಪಡುತ್ತೋ ಅಲ್ಲೇ ಇದು ಗೆಲ್ಲುತ್ತೆ.

ಬಂಕಿನ ಹುಡುಗ ಡೀಸೆಲ್ ಕಾರಿಗೆ ಪೆಟ್ರೋಲ್ ಹಾಕಿಬಿಟ್ಟರೆ?

ಕೀ ಮುಟ್ಟಬೇಡಿ. ಪುಷ್ ಬಟನ್ ಆದರೆ ಅದನ್ನೂ ಒತ್ತಬೇಡಿ, ಕೀ ಆನ್ ಮಾಡಿದರೇ ಕೆಲವು ಕಾರಿನಲ್ಲಿ ಪಂಪ್ ಓಡಲು ಶುರುವಾಗುತ್ತೆ. ಡೀಸೆಲ್ ಪಂಪು, ಇಂಜೆಕ್ಟರುಗಳಿಗೆ ಡೀಸೆಲ್ಲೇ ಜಿಡ್ಡು. ಪೆಟ್ರೋಲ್ ಹೋದರೆ ಒಣಗಿ ಉಜ್ಜಿ ಲೋಹದ ಚೂರು ಎಲ್ಲ ಕಡೆ ಹರಡುತ್ತೆ. ನ್ಯೂಟ್ರಲ್‌ಗೆ ಹಾಕಿ ನಾಲ್ಕು ಜನ ಸೇರಿ ಪಕ್ಕಕ್ಕೆ ತಳ್ಳಿ, ಟೋ ಮಾಡಿಸಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ. "ಎರಡೇ ಲೀಟರ್ ಸರ್, ಮೇಲೆ ಡೀಸೆಲ್ ಹಾಕಿದ್ರೆ ಅಡ್ಜಸ್ಟ್ ಆಗುತ್ತೆ" ಅಂತ ಅಲ್ಲಿದ್ದವರೆಲ್ಲ ಹೇಳುತ್ತಾರೆ. ಕೇಳಬೇಡಿ. ಬಿಲ್ ಮಾತ್ರ ತಪ್ಪದೆ ಇಸ್ಕೊಳ್ಳಿ, ಅದರಲ್ಲಿ ಪೆಟ್ರೋಲ್ ಅಂತ ಬರೆದಿರಬೇಕು.